ನಾಗಮ್ಮನಿಗಾಗಿ ಅತ್ತ ಪರದೇಶಿ

ತನ್ನ ಮನೆಯ ಹಜಾರದಲ್ಲೇ, ತೀರಿಹೋದ ಹೆಂಡತಿಯ ಫೋಟೋದ ಮುಂದೆ ಕೂತು ಪರದೇಶಿ ಗಂಡಸೊಬ್ಬ ಹೊತ್ತಾರೆಯಿಂದ ಸಂಜೆವರೆಗೆ ಗೊಳೋ ಎಂದು ಅಳುತ್ತಿದ್ದರೆ ಯಾವ ಗಂಡನಿಗೆ ಊಟ ಸೇರೀತು? ಶಿವಲಿಂಗಪ್ಪನಿಗಂತೂ ಸೇರಲಿಲ್ಲ.

ಅದು ಆಸ್ಟ್ರೇಲಿಯಾದವರ ಸಿನಿಮಾ. ಹೆಂಡತಿಯನ್ನು ಕಳೆದುಕೊಂಡ ಆಸ್ಟ್ರೇಲಿಯಾದ ಮುದುಕನೊಬ್ಬ ಅವಳು ಹುಟ್ಟಿದ ಭೀಮುನಿಪಟ್ಟಣಕ್ಕೆ ಬಂದು ಅಳುತ್ತಾನೆ, ಅಷ್ಟೇ ಕಥೆ. ದೂರದ ಗಾಜುವಾಕದಲ್ಲಿದ್ದ ಮನೆ ಮಾಲೀಕ ಇಲ್ಲಿ ಶೂಟಿಂಗ್ ಮಾಡಲು ಫೋನಿನಲ್ಲೇ ಒಪ್ಪಿಬಿಟ್ಟಿದ್ದ. ರಾಣೆಬೆನ್ನೂರಿನವನಾದ ಶಿವಲಿಂಗಪ್ಪ ಬ್ಯಾಂಕಿನ ವರ್ಗಾವಣೆಯಲ್ಲಿ ವಿಜಯವಾಡ ಸುತ್ತಿ ಈ ಕಡಲತಡಿಯ ಊರಿಗೆ ಬಂದು ಬಿದ್ದವನು, ಬಾಡಿಗೆದಾರ ಬೇರೆ. ಅವನ ಮಾತು ಕೇಳುವವರು ಯಾರು?

ಸಿನಿಮಾದವರು ಕಥೆಯ ಹೆಂಡತಿಯ ಫೋಟೋ ತಾವೇ ತಂದಿದ್ದರು. ಮೊದಲ ದಿನವೇ ಸಮುದ್ರದ ಗಾಳಿಗೆ ಅದು ಬಿದ್ದು ಪುಡಿಯಾಯಿತು. ಆಗ ನಿರ್ದೇಶಕಿಯ ಕಣ್ಣು ಗೋಡೆಯ ಮೇಲಿದ್ದ ಶಿವಲಿಂಗಪ್ಪನ ಹೆಂಡತಿ ನಾಗಮ್ಮನ ಫೋಟೋದ ಮೇಲೆ ಬಿತ್ತು. ಹಣೆಯಲ್ಲಿ ವಿಭೂತಿ, ಯಾರೋ ಎರಡನೇ ಸಲ ಚಹಾ ಕೇಳಿದ ಹಾಗೆ ಬಿಗಿದ ತುಟಿ. ಇದೇ ಸಾಕು ಎಂದಳು. ನಟ ಡಂಕನ್, ಕಥೆಯಲ್ಲಿರುವ ಹೆಸರಿಗೆ ತನಗೆ ಕಣ್ಣೀರು ಬರುವುದಿಲ್ಲ, ಈ ಅಮ್ಮನ ನಿಜವಾದ ಹೆಸರು ಬೇಕು ಎಂದು ಕೇಳಿ ತಿಳಿದುಕೊಂಡ. ಅವನು "ನಾಗಮ್ಮಾ" ಎಂದು ಬಾಯಿಬಿಟ್ಟದ್ದೇ ತಡ, ಲೈಟು ಹಿಡಿದವರೂ ಕಣ್ಣು ಒರೆಸಿಕೊಂಡರು.

ಹುಣ್ಣಿಗೆ ಕಡ್ಡಿ ಆಡಿಸಿದ್ದು ಅದೇ. ಶಿವಲಿಂಗಪ್ಪ ಜೀವಮಾನದಲ್ಲಿ ಒಮ್ಮೆಯೂ ಹೆಂಡತಿಯನ್ನು ಹೆಸರು ಹಿಡಿದು ಕರೆದವನಲ್ಲ. ಮದುವೆಯಾದ ಹೊಸತರಲ್ಲಿ ತುಂಬಿದ ಮನೆ, ಅವ್ವನ ಎದುರು ಹೆಂಡತಿಯ ಹೆಸರೆತ್ತಿದರೆ ನಾಚಿಕೆಗೇಡು. "ಏ, ಕೇಳಿಲ್ಲೆ" ಎಂದರೆ ಅವಳು ಬರುತ್ತಿದ್ದಳು. ಅವ್ವ ಹೋದಳು, ಊರುಗಳು ಬದಲಾದವು, ಕರೆಯುವ ರೀತಿ ಬದಲಾಗಲಿಲ್ಲ. ಹೋದ ವರ್ಷ ಅವಳು ಡೆಂಗಿ ಜ್ವರವಾಗಿ ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ ಕಿವಿಯ ಹತ್ತಿರ ಬಾಗಿ "ಕೇಳಿಲ್ಲೆ" ಎಂದೇ ಕರೆದ. ಅವಳು ಕೇಳಲಿಲ್ಲ. ಅವನಿಗೆ ಅಳುವೂ ಬರಲಿಲ್ಲ. ಮಣ್ಣು ಮಾಡಿ ಬಂದು ವಾರ ಕಳೆಯುವುದರೊಳಗೆ ಬ್ಯಾಂಕಿಗೆ ಹೋದ. ಈ ಮನುಷ್ಯನಿಗೆ ದುಃಖವೆಂಬುದೇ ಇಲ್ಲ ಎಂದು ಪಕ್ಕದ ಮನೆಯ ದುರ್ಗಾಂಬ ಆಗಲೇ ತೀರ್ಪು ಕೊಟ್ಟಿದ್ದಳು.

ಅದೇ ದುರ್ಗಾಂಬ ಈಗ ಡಂಕನ್‌ಗೆ ಪುಳಿಹೋರ, ಅಂದರೆ ಅವರ ಕಡೆಯ ಪುಳಿಯೋಗರೆ, ತರತೊಡಗಿದಳು. ಬೀದಿಯ ಹೆಂಗಸರೆಲ್ಲ ಅವನ ತಲೆ ಸವರಿ ಸಮಾಧಾನ ಹೇಳಿದರು. ಬಾಗಿಲಲ್ಲಿ ನಿಂತಿದ್ದ ಶಿವಲಿಂಗಪ್ಪನಿಗೆ, ಪಾಪ ಆ ಹೆಂಡತಿ ಸತ್ತವನಿಗೆ ಗಾಳಿ ಬರಲಿ, ಸ್ವಲ್ಪ ಸರಿಯಿರಿ ಎಂದರು. ಅವನು ಸರಿದ.

ಅಷ್ಟರಲ್ಲಿ ಯಾರೋ ತೆಗೆದ ವಿಡಿಯೋ ರಾಣೆಬೆನ್ನೂರು ಮುಟ್ಟಿತ್ತು. ನಾಗಮ್ಮನಿಗೂ ಈ ಬಿಳಿಯನಿಗೂ ಏನು ನಂಟು ಎಂದು ನೆಂಟರಲ್ಲಿ ಗುಸುಗುಸು. ವಿಜಯವಾಡದ ಗವರ್ನರ್‌ಪೇಟೆಯಲ್ಲಿ ಕೆಲಸಕ್ಕಿರುವ ಮಗಳು ಧನುಶ್ರೀ ಫೋನ್ ಮಾಡಿದಳು. ಅದು ಬರೀ ನಟನೆ ಎಂದು ಅವನು ಬಿಡಿಸಿ ಹೇಳಿದ. ಮಗಳ ಕನ್ನಡ ಅರ್ಧ ತೆಲುಗಾಗಿ ವರ್ಷಗಳೇ ಆಗಿದ್ದವು. ಆದರೆ ಈ ಮಾತು ಮಾತ್ರ ತಾಯಿಯ ಬಾಯಿಂದ ಬಂದ ಹಾಗೆ ಬಂತು.

"ನಟನೇನೋ ಏನೋ, ಆತ ಅಳ್ತಾನಲ್ಲಪ್ಪಾ. ನೀ ಒಮ್ಮೆನೂ ಅಳಲಿಲ್ಲ."

ಮರುದಿನ ಶಿವಲಿಂಗಪ್ಪ ಸ್ಟೂಲು ಹತ್ತಿ ಫೋಟೋ ಇಳಿಸಲು ಕೈ ಹಾಕಿದ. ನಿರ್ದೇಶಕಿ ಕೈ ಮುಗಿದಳು. ಬೇಕಾದಷ್ಟು ಅಳಲಿ, ನನ್ನ ಹೆಂಡತಿಯ ಹೆಸರು ಮಾತ್ರ ಎತ್ತಕೂಡದು ಎಂದು ಇವನು ಪಟ್ಟು ಹಿಡಿದ. ಡಂಕನ್ ಒಳ್ಳೆಯ ಮನುಷ್ಯ; ಹಾಗಾದರೆ ನೀವು ಅವರನ್ನು ಏನೆಂದು ಕರೆಯುತ್ತಿದ್ದಿರಿ, ನಾನೂ ಹಾಗೇ ಕರೆಯುತ್ತೇನೆ ಎಂದು ವಿನಯದಿಂದ ಕೇಳಿದ. ಶಿವಲಿಂಗಪ್ಪ ಫೋಟೋವನ್ನು ಅಲ್ಲೇ ಬಿಟ್ಟು ಬರಿಗೈಯಲ್ಲಿ ಕೆಳಗಿಳಿದ.

ಕೊನೆಯ ದಿನ ಬಂತು. ಶೂಟಿಂಗ್ ಮುಗಿದ ಮೇಲೆ ಖಾಲಿ ಮನೆಯ ಸದ್ದನ್ನು ರೆಕಾರ್ಡ್ ಮಾಡಿಕೊಳ್ಳುವುದು ಅವರ ಪದ್ಧತಿಯಂತೆ. ಫ್ಯಾನು ನಿಂತಿತು. ಯಾರೂ ಅಲ್ಲಾಡಬಾರದು, ಕೆಮ್ಮಬಾರದು. ವೈರು ಸುತ್ತುತ್ತಿದ್ದವರು, ಕರವಸ್ತ್ರ ಹಿಡಿದ ಡಂಕನ್, ಪುಳಿಹೋರದ ಡಬ್ಬಿಯೊಂದಿಗೆ ಹೊಸ್ತಿಲ ಮೇಲಿದ್ದ ದುರ್ಗಾಂಬ, ಎಲ್ಲರೂ ಇದ್ದಲ್ಲೇ ನಿಂತರು. ಶಿವಲಿಂಗಪ್ಪನಿಗೆ ಈ ಸದ್ದು ಗೊತ್ತಿತ್ತು. ಬ್ಯಾಂಕಿನಿಂದ ಬಂದು ಬೀಗ ತೆಗೆದಾಗಲೆಲ್ಲ ಅವನೊಬ್ಬನೇ ಕೇಳುತ್ತಿದ್ದ ಸದ್ದು. ಇವತ್ತು ಅದನ್ನು ಕೇಳಲು ಮನೆ ತುಂಬ ಜನ ತಲೆ ತಗ್ಗಿಸಿ ನಿಂತಿದ್ದರು.

"ನಾಗಮ್ಮ," ಎಂದ.

ಹೊಸ ಮದುಮಗನ ಹಾಗೆ ನಾಲಿಗೆ ತೊದಲಿತು. ಇನ್ನೊಮ್ಮೆ ಕರೆದ. ಆಮೇಲೆ ಅಳು ಬಂತು. ಡಂಕನ್ ಅತ್ತರೆ ನೋಡಲು ಚೆಂದ. ಇವನದು ಮೂಗು ಸೋರಿ, ಬಿಕ್ಕಳಿಕೆ ಹತ್ತಿ, ಯಾವ ಸಿನಿಮಾಕ್ಕೂ ಆಗದ ಅಳು. ದುರ್ಗಾಂಬ ರೂಢಿಯಂತೆ ಡಂಕನ್ ಕಡೆಗೆ ಎರಡು ಹೆಜ್ಜೆ ಇಟ್ಟವಳು ತಡೆದು ನಿಂತಳು. ತಿರುಗಿ ಬಂದು ಡಬ್ಬಿಯನ್ನು ಶಿವಲಿಂಗಪ್ಪನ ಕೈಯಲ್ಲಿಟ್ಟು ಅವನ ತಲೆ ಸವರಿದಳು.

ರೆಕಾರ್ಡ್ ಮಾಡುವವನು ಒಂದು ಕಿವಿಯ ಹೆಡ್‌ಫೋನ್ ಸರಿಸಿ, ಮುಗಿಯಿತೇ ಸಾರ್, ಖಾಲಿ ಮನೆಯ ಸದ್ದು ಇನ್ನೊಮ್ಮೆ ಬೇಕಿತ್ತು ಎಂದು ಮೆಲ್ಲಗೆ ಕೇಳಿದ.

ಶಿವಲಿಂಗಪ್ಪ ಡಬ್ಬಿಯನ್ನು ಎದೆಗವಚಿಕೊಂಡು ತಲೆ ಅಲ್ಲಾಡಿಸಿದ.

"ತಡೀರಿ. ಮನಿ ಇನ್ನೂ ಖಾಲಿ ಆಗಿಲ್ಲ."