ಎರಡನೇ ನಂಬರಿನ ಬೇಸ್

ಹೆಣ್ಣು, ಹೊನ್ನು, ಮಣ್ಣಿಗಾಗಿ ಜನ ತಲೆ ಒಡೆದುಕೊಳ್ಳುವುದನ್ನು ನೀವು ಕೇಳಿರುತ್ತೀರಿ. ನಾನು ನನ್ನ ಷಡ್ಡಕನ ಕಿವಿತಮಟೆ ಒಡೆದದ್ದು ಒಂದು ಹೆಡ್‌ಫೋನಿನಲ್ಲಿ ಬೇಸ್, ಅಂದರೆ ಡೋಲಿನಂಥ ತಗ್ಗಿನ ದನಿ, ಇದೆಯೋ ಇಲ್ಲವೋ ಎಂಬ ವಿಷಯಕ್ಕೆ. ನಗು ಬಂದರೆ ನಕ್ಕುಬಿಡಿ. ಬೇರೆ ಯಾರದೋ ಕಥೆಯಾಗಿದ್ದರೆ ನಾನೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

ನನಗೆ ಮೊದಲಿಂದಲೂ ಮೂಗಿನ ತುದಿಯಲ್ಲೇ ಕೋಪ. ನಮ್ಮ ಬಚ್ಚಲುಮನೆಯ ಬಾಗಿಲಲ್ಲಿ ನನ್ನ ಹಿಮ್ಮಡಿ ಹೊಕ್ಕ ತೂತಿದೆ. ಗೋಡೆ ಗಡಿಯಾರವನ್ನು ಎರಡು ಸಲ ಮಹಡಿಯಿಂದ ಎಸೆದಿದ್ದೇನೆ. ಎರಡನೇ ಸಲ ಅದು ಕೆಳಗಿನ ಮನೆಯವನ ಭುಜದ ಮೇಲೆ ಬಿತ್ತು, ಅವನು ಮೇಲೆ ಬಂದು ನನ್ನ ಮುಂದಿನ ಹಲ್ಲೊಂದನ್ನು ಉದುರಿಸಿ ಹೋದ. ಹೆಂಡತಿಯ ಮೇಲೆ ಮಾತ್ರ ಕೈ ಮಾಡಿಲ್ಲ. ಇದನ್ನು ದೊಡ್ಡಸ್ತಿಕೆಯಂತೆ ಹೇಳಿಕೊಂಡಾಗಲೆಲ್ಲ ಅವಳು, "ಅದೊಂದು ಬಾಕಿ ಇದೆ, ಅದನ್ನೂ ಮಾಡ್ಬಿಡಿ" ಅನ್ನುತ್ತಾಳೆ.

ಕೆಲಸ ಒಂದು ಹೆಡ್‌ಫೋನ್ ಅಂಗಡಿಯಲ್ಲಿ. ಕೆಳಗೆ ಮಾರಾಟ, ಮೇಲೆ ಗೋಡೆಗೆಲ್ಲ ದಪ್ಪ ಕಂಬಳಿ ಹೊಡೆದ ಒಂದು ಕೋಣೆ. ಆ ಕೋಣೆಯಲ್ಲಿ ಕೂತು ಕೇಳುವುದಕ್ಕೇ ನನಗೆ ಸಂಬಳ. ಮೂರು ತಿಂಗಳಿಗೊಮ್ಮೆ ನಮ್ಮ ಅಂಗಡಿಯಿಂದ ಒಂದು ಹೋಲಿಕೆ ಪಟ್ಟಿ ಹೊರಡುತ್ತದೆ. ಯಾವ ಹೆಡ್‌ಫೋನಿನ ದನಿ ಹೇಗೆ, ಯಾವುದನ್ನು ಕೊಳ್ಳಬಹುದು, ಯಾವುದನ್ನು ಮುಟ್ಟಬಾರದು ಎಂಬುದೆಲ್ಲ ಅದರಲ್ಲಿರುತ್ತದೆ. ದುಬಾರಿ ಮಾಲು ಕೊಳ್ಳುವವರು ಅದನ್ನು ಓದದೆ ಜೇಬಿಗೆ ಕೈ ಹಾಕುವುದಿಲ್ಲ. ಹಾಗಾಗಿ ಕೇಳುವವನ ಮೇಲೆ 'ಕಂಪನಿಗೆ ಮಾರಿಕೊಂಡ' ಎಂಬ ಮಾತು ಒಂದು ಸಲ ಬಂತೆಂದರೆ ಮುಗಿಯಿತು. ಮತ್ತೆ ಯಾವ ಅಂಗಡಿಯಲ್ಲೂ ಅವನಿಗೆ ಕುರ್ಚಿ ಸಿಗುವುದಿಲ್ಲ.

ಆರು ವರ್ಷದ ಹಿಂದೆ ಷಡ್ಡಕನನ್ನು ಅಲ್ಲಿಗೆ ಸೇರಿಸಿದವನೂ ನಾನೇ. ನನ್ನ ಹೆಂಡತಿ ಅಕ್ಕ, ಅವನ ಹೆಂಡತಿ ತಂಗಿ. ನನ್ನನ್ನು ಭಾವ ಅನ್ನುತ್ತಾನೆ, ಬಹುವಚನ ಬಿಟ್ಟು ಮಾತಾಡಿದವನಲ್ಲ. ದಾರಿಯಲ್ಲಿ ಕಂಬಕ್ಕೆ ಡಿಕ್ಕಿ ಹೊಡೆದರೆ ಕಂಬದ ಕ್ಷಮೆ ಕೇಳುವಷ್ಟು ಮೆತ್ತಗಿನ ಮನುಷ್ಯ. ಆದರೆ ಕಿವಿ ಮಾತ್ರ ನನಗಿಂತ ಚುರುಕು. ಇದು ನನಗೆ ಎರಡು ವರ್ಷದಿಂದ ಗೊತ್ತಿತ್ತು, ಒಪ್ಪಿಕೊಳ್ಳಲು ಹೊಟ್ಟೆಕಿಚ್ಚು ಬಿಡುತ್ತಿರಲಿಲ್ಲ. ಮೊದಲೆಲ್ಲ 'ನಿಮಗೇನನ್ಸುತ್ತೆ?' ಎಂದು ನನ್ನ ಕಡೆ ತಿರುಗುತ್ತಿದ್ದ ಅಂಗಡಿಯ ಯಜಮಾನಿ ಈಚೆಗೆ ಅವನ ಕಡೆ ತಿರುಗುತ್ತಿದ್ದರು.

ಈ ಸಲ ಬಂದದ್ದು ನಾಲ್ಕು ಜೋಡಿ. ಎಲ್ಲವೂ ಹಿಂಬದಿ ಮುಚ್ಚಿದ, ಮಡಚಿ ಚೀಲಕ್ಕೆ ಹಾಕಿಕೊಳ್ಳುವ ಜಾತಿ, ಎಲ್ಲವೂ ಕೈ ಸುಡುವ ಬೆಲೆಯವು. ಇಂಥವುಗಳ ಬಟ್ಟಲು, ಅಂಚಿನ ಮೆತ್ತೆ ಸಮೇತ, ಕಿವಿಯ ಸುತ್ತ ಬಿಗಿಯಾಗಿ ಕೂರಬೇಕು. ಒಳಗಿನ ಗಾಳಿ ಹೊರಗೆ ಹೋಗಬಾರದು, ಬೀದಿಯ ಗದ್ದಲ ಒಳಗೆ ಬರಬಾರದು. ಕಂಪನಿಯ ಹೆಸರಿನ ಮೇಲೆ ಬಿಳಿ ಪಟ್ಟಿ ಅಂಟಿಸಿ ಒಂದು, ಎರಡು, ಮೂರು, ನಾಲ್ಕು ಎಂದು ಬರೆಯುತ್ತೇವೆ. ಯಾವುದು ಯಾವ ಕಂಪನಿಯದೆಂದು ಆಕಾರ ನೋಡಿದರೇ ನಮಗೆ ಗೊತ್ತಾಗುತ್ತದೆ, ಆದರೂ ಅದೊಂದು ಪದ್ಧತಿ. ಜೋರಾಗಿ ಕೇಳಿಸಿದ್ದೇ ಚೆನ್ನಾಗಿದೆ ಎಂದು ಕಿವಿ ಮೋಸಹೋಗುತ್ತದೆ, ಅದಕ್ಕೆ ಒಂದೇ ಒಂದು ಸ್ವರ ಹಾಕಿ ಸದ್ದು ಅಳೆಯುವ ಮೀಟರಿನಲ್ಲಿ ನಾಲ್ಕರ ಮಟ್ಟವನ್ನೂ ಸರಿಮಾಡುತ್ತೇವೆ. ಅದಕ್ಕಿಂತ ಹೆಚ್ಚಿಗೆ ಯಂತ್ರವನ್ನು ನಂಬುವುದು ಯಜಮಾನಿಗೆ ಆಗದು. ಆಮೇಲೆ ಒಬ್ಬೊಬ್ಬರೇ ಕೂತು ಒಂದು ವಾರ ಕೇಳಬೇಕು, ಬಸ್ಸಿನಲ್ಲಿ, ಅಗೆಯುತ್ತಿರುವ ರಸ್ತೆಯ ಪಕ್ಕದಲ್ಲಿ ಹಾಕಿಕೊಂಡು ನೋಡಬೇಕು, ಬರೆದದ್ದನ್ನು ಲಕೋಟೆಯಲ್ಲಿ ಅಂಟಿಸಬೇಕು. ಲಕೋಟೆ ಒಡೆಯುವವರೆಗೆ ಒಬ್ಬರ ಹತ್ತಿರ ಇನ್ನೊಬ್ಬರು ತುಟಿ ಬಿಚ್ಚುವಂತಿಲ್ಲ. ಈ ಕೊನೆಯ ನಿಯಮವೇ ನಮ್ಮನ್ನು ಹಾಳು ಮಾಡಿತು. ಇಲ್ಲದಿದ್ದರೆ ಅವನು ಮೊದಲ ದಿನವೇ ಹೇಳಿಬಿಡುತ್ತಿದ್ದ.

ಶನಿವಾರ ಮಧ್ಯಾಹ್ನ ಯಜಮಾನಿ ಲಕೋಟೆ ಒಡೆದರು. ಹಿಂದೆ ರೇಡಿಯೋದಲ್ಲಿ ವಾರ್ತೆ ಓದುತ್ತಿದ್ದವರು, ಈಗಲೂ ಏನು ಓದಿದರೂ ವಾರ್ತೆಯಂತೆಯೇ ಓದುತ್ತಾರೆ. ಒಂದನೆಯದಕ್ಕೆ ಇಬ್ಬರದೂ ಒಂದೇ ಮಾತು: ಹೆಂಗಸಿನ ದನಿ ಚೆಂದ, ತಾಳ ಕಿವಿಗೆ ಚುಚ್ಚುತ್ತದೆ. ಮೂರು, ನಾಲ್ಕಕ್ಕೂ ಹೆಚ್ಚು ಕಡಿಮೆ ಹಾಗೇ. ಎರಡನೆಯದಕ್ಕೆ ಬಂದಾಗ ಅವರು ಎರಡೂ ಹಾಳೆಗಳನ್ನು ಅಕ್ಕಪಕ್ಕ ಇಟ್ಟು ಇನ್ನೊಮ್ಮೆ ಓದಿದರು.

ನಾನು ಬರೆದದ್ದು: "ಬೇಸ್ ಸತ್ತೇ ಹೋಗಿದೆ. ಡೋಲು ತಗಡು ಬಡಿದಂತೆ. ಬೀದಿಯ ಸದ್ದೆಲ್ಲ ಒಳಗೆ. ಮುಟ್ಟಬೇಡಿ."

ಅವನು ಬರೆದದ್ದು: "ನಾಲ್ಕರಲ್ಲಿ ಬೇಸ್ ಇದರದ್ದೇ ಉತ್ತಮ. ಆಳವಾಗಿದೆ, ತುಂಬಿದೆ, ಹದ ಮೀರಿಲ್ಲ. ಬಸ್ಸಿನಲ್ಲಿ ಕಂಡಕ್ಟರ್ ಕರೆದದ್ದೂ ಕೇಳಲಿಲ್ಲ. ಮೊದಲ ಸ್ಥಾನ."

"ಇಬ್ರಲ್ಲಿ ಒಬ್ರು ಸುಳ್ಳು ಬರ್ದಿದೀರಿ," ಎಂದರು ಯಜಮಾನಿ. "ಇಷ್ಟು ವ್ಯತ್ಯಾಸ ಕಿವಿಯಿಂದ ಬರಲ್ಲ."

ಹಿಂದಿನ ವಾರ ಎರಡನೇ ನಂಬರಿನ ಕಂಪನಿಯವನು ಮಾಲು ಕೊಡಲು ಬಂದಿದ್ದಾಗ ಷಡ್ಡಕ ಬಾಗಿಲ ಬಳಿ ನಿಂತು ಅವನ ಜೊತೆ ನಕ್ಕು ಮಾತಾಡಿದ್ದನ್ನು ನಾನು ಮೆಟ್ಟಿಲ ಮೇಲಿಂದ ನೋಡಿದ್ದೆ. ಅದು ಈಗ ನೆನಪಾಗಿ ಮೈಯೆಲ್ಲ ಉರಿಯಿತು.

"ಸುಳ್ಳಲ್ಲ ಮೇಡಂ, ವ್ಯಾಪಾರ," ಎಂದೆ. "ಇವನು ಮಾರ್ಕೊಂಡಿದಾನೆ. ಬಾಗಿಲ ಹತ್ರ ಹಲ್ಲು ಕಿರಿಯೋದನ್ನ ನಾನೇ ಕಣ್ಣಾರೆ ನೋಡಿದೀನಿ."

ಷಡ್ಡಕನ ಮುಖ ಬಿಳುಚಿತು. "ಭಾವ, ಅವ್ನ ಹತ್ರ ಮೆತ್ತೆ ಹರಿದ್ರೆ ಬೇರೆ ಸಿಗುತ್ತಾ ಅಂತ ಕೇಳ್ತಿದ್ದೆ ಅಷ್ಟೆ. ದಯವಿಟ್ಟು ಆ ಮಾತು ಆಡ್ಬೇಡಿ."

"ಯಾರು ಮಾರ್ಕೊಂಡಿದಾರೋ ಅವ್ರು ಇವತ್ತೇ ಮನೆಗೆ," ಎಂದರು ಯಜಮಾನಿ. ಆದರೆ ನೋಡಿದ್ದು ಅವನ ಕಡೆ. ಹನ್ನೆರಡು ವರ್ಷ ನನ್ನ ಮಾತು ನಂಬಿದ್ದವರು, ಆ ಅಭ್ಯಾಸ ಎಲ್ಲಿ ಹೋಗುತ್ತದೆ? ಅಷ್ಟರಲ್ಲಿ ಕೆಳಗಿನಿಂದ ಗಿರಾಕಿ ಕರೆದ, ಅವರು ಇಳಿದು ಹೋದರು.

ಕೋಣೆಯಲ್ಲಿ ನಾವಿಬ್ಬರೇ ಉಳಿದೆವು. ಅವನು ಎರಡನೇ ನಂಬರನ್ನು ಎತ್ತಿಕೊಂಡ. "ಇನ್ನೊಂದ್ಸಲ ಕೇಳೋಣ ಭಾವ. ನನಗೇನೋ ಹೊಳೀತಿದೆ. ಇದ್ರ ಮೆತ್ತೆ ತೆಳು, ಗಟ್ಟಿ. ನಿಮ್ಮ ಹೊಸ ಕನ್ನಡಕ ಇದ್ಯಲ್ಲ, ಅದು—"

"ಕಣ್ಣು ಹೋಯ್ತು, ಈಗ ಕಿವೀನೂ ಹೋಯ್ತು ಅಂತೀಯಾ?"

"ಅದಲ್ಲ ಭಾವ, ಪೂರ್ತಿ ಕೇಳಿ—"

"ಬಾಯಿ ಮುಚ್ಚು. ಮುಂಡೇದೆ, ಅನ್ನಕ್ಕೆ ದಾರಿ ತೋರಿಸಿದೋನಿಗೇ ಗುಂಡಿ ತೋಡ್ತೀಯಾ?"

ಎರಡು ತಿಂಗಳ ಹಿಂದಷ್ಟೇ ಕಣ್ಣಿನ ಡಾಕ್ಟರು ನನಗೆ ದಪ್ಪ ಕಡ್ಡಿಯ ಕನ್ನಡಕ ಹಾಕಿದ್ದರು. ಅದು ಮುಖದ ಮೇಲಿದೆ ಎಂಬುದೇ ನನಗೆ ಅವಮಾನ. ಅವನು ಅದನ್ನೇ ಎತ್ತಿ ಆಡಿದನಲ್ಲ ಎಂದು ಹಲ್ಲು ಕಡಿದೆ. ಅವನು ನಿಟ್ಟುಸಿರು ಬಿಟ್ಟು ಕೂತ, ಹೆಡ್‌ಫೋನ್ ಹಾಕಿಕೊಂಡು ಹಾಡು ಹಚ್ಚಿ ಕಣ್ಣು ಮುಚ್ಚಿದ. ಸ್ವಲ್ಪ ಹೊತ್ತಿಗೆ ಅವನ ಬಲಗಾಲು ನೆಲದ ಮೇಲೆ ತಾಳ ಹಾಕತೊಡಗಿತು. ಡೋಲಿನ ಒಂದೊಂದು ಪೆಟ್ಟಿಗೂ ಹೆಬ್ಬೆರಳು ಎದ್ದು ಬೀಳುತ್ತಿತ್ತು. ಇಲ್ಲದ ಬೇಸಿಗೆ ಕಾಲು ಕುಣಿಸುತ್ತಿದ್ದಾನೆ, ನನ್ನೆದುರೇ ನಾಟಕ ಆಡುತ್ತಿದ್ದಾನೆ ಎನಿಸಿತು. ಕಣ್ಣು ಕತ್ತಲೆ ಬಂತು.

ಎದುರಿಗೆ ಹೋಗಿ ನಿಂತು, ಎರಡೂ ಕೈ ಅಗಲಿಸಿ, ಅಂಗೈ ಚಪ್ಪಟೆ ಮಾಡಿ, ಎರಡೂ ಬಟ್ಟಲ ಮೇಲೆ ಒಟ್ಟಿಗೆ ಬಾರಿಸಿದೆ. ಇದ್ದ ಬದ್ದ ಬಲವೆಲ್ಲ ಹಾಕಿದ್ದೆ. ಬಲಗೈ ಏಟು ಸರಿಯಾಗಿ ಕೂತಿತು.

ಅವನು ಹೆಡ್‌ಫೋನ್ ಕಿತ್ತು ಕೆಳಗೆ ಬಿಟ್ಟ. ಎದ್ದವನು ನೆಟ್ಟಗೆ ನಿಲ್ಲಲಾರದೆ ಓಲಾಡಿ ಮೇಜಿಗೆ ಬಿದ್ದ. ಮೀಟರು, ಲಕೋಟೆ, ನೀರಿನ ಲೋಟ ಎಲ್ಲ ನೆಲಕ್ಕೆ ಬಿದ್ದವು. ನನಗೆ ಅಲ್ಲಿಗೂ ಸಮಾಧಾನವಿಲ್ಲ. "ಈಗ ಕೇಳುಸ್ತಾ ಬೇಸು? ಈಗ ಕೇಳುಸ್ತಾ?" ಎನ್ನುತ್ತ ಅಂಗಿ ಹಿಡಿದೆತ್ತಿ ಪಕ್ಕೆಗೆ ಮಂಡಿಯಿಂದ ಗುದ್ದಿದೆ. ಅವನು ಮುಳುಗುವವನಂತೆ ಕೈ ಬೀಸಿದ. ಅದು ನನ್ನ ಮುಖಕ್ಕೆ ತಗುಲಿ ಕನ್ನಡಕ ಹಾರಿತು, ಯಾರ ಕಾಲ ಕೆಳಗೋ ಚೂರಾಯಿತು. ಆಮೇಲೆ ಅವನ ಬಲಗಿವಿಯಿಂದ ರಕ್ತ ಇಳಿಯುವುದು ಕಂಡಿತು. ಸಣ್ಣ ಗೆರೆ, ಕತ್ತಿನವರೆಗೆ ಇಳಿದು ಕಾಲರಿಗೆ ಅಂಟುತ್ತಿತ್ತು. ಅಂಗಿ ಬಿಟ್ಟೆ. ಅವನು ಗೋಡೆಯ ಕಂಬಳಿ ಹಿಡಿದುಕೊಂಡು ವಾಂತಿ ಮಾಡಿದ.

ಯಜಮಾನಿ ಮೆಟ್ಟಿಲು ಹತ್ತಿ ಬಂದವರೇ ನನ್ನನ್ನು ಬಾಗಿಲಿಗೆ ತಳ್ಳಿದರು. ನನ್ನ ತಲೆಯ ಹಿಂಭಾಗ ಚೌಕಟ್ಟಿಗೆ ಬಡಿಯಿತು. "ಪಶು," ಎಂದರು. ಅವನ ತೋಳು ಹೆಗಲಿಗೆ ಹಾಕಿಕೊಂಡು ಇಳಿಸಿ ಆಟೋದಲ್ಲಿ ಕರೆದುಕೊಂಡು ಹೋದರು.

ನಾನು ನೆಲದ ಮೇಲೆ ಕೂತೆ. ಎರಡನೇ ನಂಬರು ಕಾಲ ಬಳಿ ಬಿದ್ದಿತ್ತು, ಹಾಡು ಇನ್ನೂ ನಡೆಯುತ್ತಿತ್ತು. ನಿಜ ಹೇಳಬೇಕೆಂದರೆ ಆಗಲೂ ನನಗೆ ಪಶ್ಚಾತ್ತಾಪ ಬಂದಿರಲಿಲ್ಲ. ನಾನೇ ಸರಿ ಎಂದು ಮತ್ತೊಮ್ಮೆ ಕೇಳಿ ಗಟ್ಟಿ ಮಾಡಿಕೊಳ್ಳಬೇಕಿತ್ತು. ಬಟ್ಟಲಿನ ಅಂಚು ಒರೆಸಿ ತಲೆಗೆ ಹಾಕಿಕೊಂಡೆ.

ಬೀದಿ ಮಾಯವಾಯಿತು. ಡೋಲು ಬಂತು. ಎದೆಗೂಡಿನ ಒಳಗೇ ಯಾರೋ ಬಡಿದಂತೆ ಬಂತು, ಆಳವಾಗಿ, ತುಂಬಿಕೊಂಡು, ಅವನು ಬರೆದಂತೆಯೇ ಹದ ಮೀರದೆ. ಎಡಗಡೆ ಬಟ್ಟಲನ್ನು ಬೆರಳಿನಿಂದ ಕೂದಲೆಳೆಯಷ್ಟು ಎತ್ತಿದೆ. ಬೇಸ್ ಸತ್ತಿತು, ಡೋಲು ತಗಡಾಯಿತು, ಬೀದಿಯ ಹಾರ್ನ್ ಒಳಗೆ ಬಂತು. ಬೆರಳು ತೆಗೆದೆ, ಎಲ್ಲ ಮತ್ತೆ ಸರಿಹೋಯಿತು. ಕನ್ನಡಕದ ಕಡ್ಡಿ ಒಂದು ವಾರ ಮಾಡಿದ್ದೂ ಇದನ್ನೇ. ಮಿಕ್ಕ ಮೂರರ ಮೆತ್ತೆ ದಪ್ಪ, ಕಡ್ಡಿಯ ಸುತ್ತ ಮೆತ್ತಿಕೊಳ್ಳುತ್ತಿದ್ದವು. ಇದರದ್ದು ಎದ್ದು ನಿಂತು ಸಂದು ಬಿಡುತ್ತಿತ್ತು. ನಾನು ಮೊನ್ನೆ ಮೊನ್ನೆಯವರೆಗೆ ಕನ್ನಡಕ ಇಲ್ಲದೆ ಕೇಳಿದವನು. ಅದನ್ನು ತೆಗೆದಿಟ್ಟು ಕೂರಬೇಕೆಂದು ಹೊಳೆಯಲೇ ಇಲ್ಲ, ಅದು ಮುಖದ ಮೇಲಿದೆ ಎಂಬುದನ್ನೇ ಒಪ್ಪದಿದ್ದವನಿಗೆ ಹೇಗೆ ಹೊಳೆಯಬೇಕು? ಕೈಗೆ ಸಿಕ್ಕ ಮೀಟರನ್ನು ಗೋಡೆಗೆ ಎಸೆದೆ. ಕಂಬಳಿ ಗೋಡೆ, ಸದ್ದೂ ಬರಲಿಲ್ಲ. ಮುಷ್ಟಿ ಕಟ್ಟಿ ನನ್ನ ಮುಖಕ್ಕೇ ಎರಡು ಗುದ್ದಿಕೊಂಡೆ.

ಆಸ್ಪತ್ರೆಯ ಓಣಿಯಂಥ ಹಾದಿಯಲ್ಲಿ ನಾದಿನಿ ಎದುರಾದಳು. ನನ್ನನ್ನು ಕಂಡದ್ದೇ ಕೈಲಿದ್ದ ಸ್ಟೀಲಿನ ನೀರಿನ ಬಾಟಲಿಯನ್ನು ಬೀಸಿ ದವಡೆಗೆ ಬಾರಿಸಿದಳು. ಬಾಯಲ್ಲಿ ರಕ್ತದ ರುಚಿ ಬಂತು. ಇನ್ನೊಂದು ಹೊಡೆದಳು, ಮೂರನೆಯದಕ್ಕೆ ಯಜಮಾನಿ ಕೈ ಹಿಡಿದರು. "ಹೊಡೀಲಿ ಬಿಡಿ," ಎಂದೆ.

ಡಾಕ್ಟರು ಹೊರಗೆ ಬಂದು ಹೇಳಿದರು: ಬಲಗಿವಿಯ ತಮಟೆ ಹರಿದಿದೆ, ಒಳಗಿನ ಸಣ್ಣ ಮೂಳೆಗಳೂ ಕದಲಿವೆ. ಎಡಗಿವಿ ಉಳಿದಿದೆ. ಬಲಗಿವಿ ಮೊದಲಿನ ಹಾಗೆ ಕೇಳುವುದು ಸುಳ್ಳು. "ಎಲ್ಲಾದ್ರೂ ಚೂರು ಸಂದು ಇದ್ದಿದ್ರೆ ಗಾಳಿ ಹೊರಗೆ ಹೋಗ್ತಿತ್ತು, ಇಷ್ಟು ಆಗ್ತಿರ್ಲಿಲ್ಲ," ಎಂದರು. "ತುಂಬಾ ಬಿಗಿಯಾಗಿ ಕೂತಿತ್ತು ಅನ್ಸುತ್ತೆ ಅದು."

ಯಜಮಾನಿ ನನ್ನನ್ನು ಗೋಡೆಯ ಪಕ್ಕಕ್ಕೆ ಕರೆದರು. "ಹೊಡೆದಿದ್ದಕ್ಕೆ ನಿಮ್ಮನ್ನ ಪೊಲೀಸ್ರು ನೋಡ್ಕೋತಾರೆ. ನನಗೆ ಬೇಕಾಗಿರೋದು ಬೇರೆ. ಅವ್ನು ನಿಜವಾಗ್ಲೂ ಮಾರ್ಕೊಂಡಿದ್ನಾ? ಹೌದು ಅಂದ್ರೆ ಅವ್ನ ಹೆಸರು ಎಲ್ಲಾ ಅಂಗಡಿಗೂ ಹೋಗುತ್ತೆ. ಯೋಚಿಸಿ ಹೇಳಿ."

ಹೌದು ಎಂದಿದ್ದರೆ ನಡೆದುಹೋಗುತ್ತಿತ್ತು. ಒಂದು ಕಿವಿ ಹೋದವನ ಮಾತನ್ನು ಇನ್ನು ಯಾರು ಕೇಳುತ್ತಿದ್ದರು? ನನ್ನನ್ನು ಕೋಪಿಷ್ಠ ಎನ್ನುತ್ತಿದ್ದರು, ಆದರೂ ಕಿವಿ ಸರಿಯಿದೆ ಎನ್ನುತ್ತಿದ್ದರು. ಆ ಯೋಚನೆ ನನ್ನೊಳಗೆ ಹಾದುಹೋದದ್ದು ನಿಜ, ಅದನ್ನು ಮುಚ್ಚಿಡುವುದಿಲ್ಲ.

"ಒಳಗೆ ಬನ್ನಿ," ಎಂದೆ. "ಅವನ ಮುಂದೆ ಹೇಳ್ತೀನಿ."

ಅವನು ದಿಂಬಿಗೆ ಒರಗಿದ್ದ. ಬಲಗಿವಿಗೆ ಹತ್ತಿ ತುರುಕಿ ಪಟ್ಟಿ ಸುತ್ತಿದ್ದರು. ನಾನು ಎಡಗಡೆ ಹೋಗಿ ಬಗ್ಗಿದೆ. ನಾದಿನಿ ಬಾಟಲಿ ಹಿಡಿದುಕೊಂಡೇ ಮಂಚದ ಕಾಲ ಬಳಿ ನಿಂತಿದ್ದಳು.

"ನೀನು ಬರ್ದಿದ್ದೇ ಸರಿ," ಎಂದೆ. "ಬೇಸ್ ಇದೆ. ತಪ್ಪು ನಂದು. ನನ್ನ ಕನ್ನಡಕದ್ದು. ನೀನು ಯಾರಿಗೂ ಮಾರ್ಕೊಂಡಿಲ್ಲ."

ಯಜಮಾನಿ ಉಸಿರು ಬಿಟ್ಟದ್ದು ಕೇಳಿಸಿತು. ಅವನು ನನ್ನನ್ನೇ ನೋಡುತ್ತಿದ್ದ. ಆಮೇಲೆ ಕೈ ಚಾಚಿ ನನ್ನ ಕೂದಲು ಹಿಡಿದ. ಆ ಮೆತ್ತಗಿನ ಮನುಷ್ಯನ ಬೆರಳಲ್ಲಿ ಅಷ್ಟು ಬಲ ಇತ್ತೆಂದು ನನಗೆ ಗೊತ್ತಿರಲಿಲ್ಲ. ನನ್ನ ತಲೆಯನ್ನು ತನ್ನ ಎದೆಯ ಮೇಲಿಂದ ಎಳೆದು ಬಲಗಡೆಗೆ, ಪಟ್ಟಿ ಸುತ್ತಿದ ಕಿವಿಯ ಹತ್ತಿರ ತಂದು ಒತ್ತಿದ. ಔಷಧಿಯ ವಾಸನೆ ಮೂಗಿಗೆ ಹೊಡೆಯಿತು.

"ಈ ಕಿವಿಗೆ ಹೇಳು," ಎಂದ. ಆರು ವರ್ಷದಲ್ಲಿ ಮೊದಲ ಸಲ ಏಕವಚನ.

"ನೀನು ಬರ್ದಿದ್ದೇ ಸರಿ," ಎಂದೆ.

"ಕೇಳುಸ್ಲಿಲ್ಲ."

"ತಪ್ಪು ನಂದು."

"ಕೇಳುಸ್ಲಿಲ್ಲ. ಇನ್ನೊಂದ್ಸಲ ಹೇಳು."

ಅವನ ಹಿಡಿತಕ್ಕೆ ಕೂದಲು ಕಿತ್ತು ಬರುತ್ತಿತ್ತು, ನನಗೆ ಅಳು ಬಂದಿತ್ತು. ನಾದಿನಿಯಾಗಲಿ ಯಜಮಾನಿಯಾಗಲಿ ಹತ್ತಿರ ಬರಲಿಲ್ಲ. ನರ್ಸ್ ಓಡಿ ಬಂದು ಅವನ ಬೆರಳು ಬಿಡಿಸುವವರೆಗೆ ನಾನು ಆ ಹತ್ತಿಗೆ ಬಾಯಿ ಹಚ್ಚಿ ಅದನ್ನೇ ಹೇಳುತ್ತಿದ್ದೆ.