ಕಣ್ಣಿಗೊತ್ತಿಕೊಂಡ ಚೆಂಡು

ಐದನೇ ಗೇಟಿನ ಮೇಲೆ ಕೊಕ್ಕರೆಯೊಂದು ಒಂಟಿಗಾಲಲ್ಲಿ ನಿಂತಿದೆ, ನಿಲ್ಲಲಿ, ಅದಕ್ಕೇನು ಕೆಲಸ, ಭೀಮೆಯಲ್ಲಿ ನೀರಿಲ್ಲದ ಈ ಮೇ ತಿಂಗಳಲ್ಲಿ ನನಗೂ ಅಷ್ಟೇ ಕೆಲಸ, ಗೇಟಿನ ಹಲ್ಲುಚಕ್ರಕ್ಕೆ ಗ್ರೀಸ್ ಹಚ್ಚು, ಒರೆಸು, ಮತ್ತೆ ಹಚ್ಚು — ಸೊನ್ನ ಬ್ಯಾರೇಜಿನ ಮೇಲೆ ಈ ಒಂದು ಮೂಲೆಯಲ್ಲೇ ನೆಟ್‌ವರ್ಕ್ ಸಿಗುವುದು, ಕಟ್ಟೆಗೆ ಬೆನ್ನು ಕೊಟ್ಟು ಕೂತಿದ್ದೇನೆ, ಮೊಬೈಲಿನಲ್ಲಿ ಮೆಕ್ಸಿಕೋ ದೇಶದ ಪುಯೆಬ್ಲಾ ಎಂಬ ಊರು, ಇಲ್ಲಿ ಭಾನುವಾರ ಬೆಳಿಗ್ಗೆ ಏಳೂವರೆ, ಅಲ್ಲಿ ಇನ್ನೂ ಶನಿವಾರದ ರಾತ್ರಿ ಮುಗಿದಿಲ್ಲ, ದೀಪಗಳ ಕೆಳಗೆ ಬೆಂಚಿನ ಮೇಲೆ, ಹೈದರಾಬಾದಿನಲ್ಲಿ ನನ್ನ ಜೊತೆ ಆಡಿದ ಎಫ್ರಾಯಿನ್ ಕೂತಿದ್ದಾನೆ, ಮೂವತ್ತಾರು ವರ್ಷ, ಗಡ್ಡ ಅರ್ಧ ಬೆಳ್ಳಗೆ, ಇವತ್ತಿನದು ಅವನ ಕೊನೆಯ ಆಟ, ಮುಗಿದ ಮೇಲೆ ಫೋನ್ ಮಾಡುತ್ತೇನೆ ಅಂತ ಮೆಸೇಜು ಹಾಕಿದ್ದಾನೆ, ಮಾಡಲಿ, ಇವತ್ತು ಹೇಳಿಬಿಡುತ್ತೇನೆ, ಏಳು ವರ್ಷದಿಂದ ಗಂಟಲಲ್ಲಿ ಇಟ್ಟುಕೊಂಡಿದ್ದನ್ನು, ಅವತ್ತು ತಪ್ಪು ನನ್ನದು, ನಿನ್ನ ಕಾಲಿನದಲ್ಲ, ಚೆಂಡು ಒಗೆದ ಸಲಾವುದ್ದೀನನದೂ ಅಲ್ಲ, ಈ ಮಾಳಿಂಗನದು ಅಂತ — ಹೀಗೆ ಅಂದುಕೊಂಡ ಕೂಡಲೇ ಮತ್ತೆ ಅದೇ ಕಾಣುತ್ತದೆ, ಹಸಿರು ನೆಲದ ಮೇಲೆ ಬೆರಳಿಲ್ಲದೆ ನಿಂತ ಚೆಂಡು, ಒಂದು ಕಡೆಗೆ ವಾಲುತ್ತಿರುವ ಚೆಂಡು. ಬೇಡ, ಆಟ ನೋಡು.

ನನ್ನ ಆಟ ಅಂದರೆ ಇಷ್ಟೇ ಆಗಿತ್ತು, ಒಂದು ಮಂಡಿಯೂರಿ ಕೂರುವುದು, ಮುಂದೆ ಬಗ್ಗಿ ನಿಂತ ಸಲಾವುದ್ದೀನ ಕಾಲಸಂದಿಯಿಂದ ಹಿಂದಕ್ಕೆ ಮೊಟ್ಟೆಯಾಕಾರದ ಚೆಂಡು ಒಗೆಯುತ್ತಾನೆ, ನಾನು ಹಿಡಿದು ನೆಲಕ್ಕೆ ನೆಟ್ಟಗೆ ನಿಲ್ಲಿಸಿ ಅದರ ನೆತ್ತಿಯ ಮೇಲೆ ಒಂದು ಬೆರಳು ಇಡಬೇಕು, ಎಫ್ರಾಯಿನ್ ಓಡಿಬಂದು ಒದೆಯುತ್ತಾನೆ, ದೂರದ ಎರಡು ಕಂಬಗಳ ನಡುವೆ ಹಾದರೆ ಅಂಕ, ಎಲ್ಲ ಸೇರಿ ಒಂದೂಕಾಲು ಸೆಕೆಂಡು, ಇದಕ್ಕೆ ಹೈದರಾಬಾದಿನಲ್ಲಿ ಊಟ, ಹಾಸಿಗೆ, ಬೂಟು — ಇಟ್ಟಂಗಿ ಭಟ್ಟಿಯಲ್ಲಿ ಮೇಲಿಂದ ಒಗೆದ ಇಟ್ಟಂಗಿ ಹಿಡಿದು ಹಿಡಿದು ಪಳಗಿದ ಕೈ ನೋಡಿಯೇ ನನ್ನನ್ನು ಆರಿಸಿದ್ದು, ಹೊಸ ಲೀಗು, ಅಮೆರಿಕದವರ ಥರದ ಫುಟ್‌ಬಾಲು, ನಮ್ಮ ಕಡೆಯ ಕಬಡ್ಡಿಯವರನ್ನೆಲ್ಲ ಜರಡಿ ಹಿಡಿದಿದ್ದರು, ಜೇವರ್ಗಿಯಿಂದ ಸಲಾವುದ್ದೀನ, ಅಫಜಲಪುರ ತಾಲೂಕಿನಿಂದ ನಾನೊಬ್ಬನೇ. ಅವ್ವ ಸಾಬಮ್ಮನಿಗೆ ಇದನ್ನು ತಿಳಿಸಿ ಹೇಳುವಷ್ಟರಲ್ಲಿ ಸಾಕುಸಾಕಾಗಿತ್ತು, ನೀ ಒದಿಯಂಗಿಲ್ಲೇನಲೇ, ಇಲ್ಲಬೇ, ನಾ ಬರೇ ಹಿಡೀತೇನಿ, ಒದಿಯಾಂವ್ ಬ್ಯಾರೆ ದೇಶದಾಂವ, ಹಿಡಿಯಾಕ ಒಬ್ಬಾಂವ ಒದಿಯಾಕ ಒಬ್ಬಾಂವ, ಎಂಥಾ ಮಂದಿ ಇದ್ದೀರೋ ಏನೋ, ನಿನ್ನ ಕೈ ಜ್ವಾಕಿ. ಕೈಗೆ ಏನೂ ಆಗಲಿಲ್ಲ ಅವ್ವಾ, ಕೈಯೇ ಕೈಕೊಟ್ಟಿತು.

ಎಫ್ರಾಯಿನ್ ಕೋಣೆಯಲ್ಲಿ ನನ್ನ ಜೊತೆಗಿದ್ದ, ಅವನದೂ ಮುರುಕು ಇಂಗ್ಲಿಷು ನನ್ನದೂ ಮುರುಕು ಇಂಗ್ಲಿಷು, ಅದಕ್ಕೇ ಚೆನ್ನಾಗಿ ಕೂಡಿಬಂತು, ನಮ್ಮ ಕಡಕ್ ರೊಟ್ಟಿ ಕಟಕ್ಕನೆ ಮುರಿದು ನನ್ನ ಅಮ್ಮನ ರೊಟ್ಟಿಯೂ ಹೀಗೇ ಸಪ್ಪಳ ಮಾಡುತ್ತದೆ ಅಂದ — ಇಪ್ಪತ್ತೆರಡನೇ ವಯಸ್ಸಿಗೆ ಅಮೆರಿಕಕ್ಕೆ ಹೋಗಿದ್ದನಂತೆ, ದೊಡ್ಡ ಲೀಗಿನ ಮೂರು ತಂಡ, ಮೂರರಲ್ಲೂ ಅಭ್ಯಾಸಕ್ಕಷ್ಟೇ, ವಾರವಿಡೀ ಒದೆ, ಭಾನುವಾರ ಹೊರಗೆ ನಿಂತು ನೋಡು, ನಿಜವಾದ ಪಂದ್ಯದಲ್ಲಿ ಒಮ್ಮೆಯೂ ಒದೆಯಲು ಬಿಡಲಿಲ್ಲ, ಒಂದು ಮಂಗಳವಾರ ಕರೆದು ನಾಳೆಯಿಂದ ಬರಬೇಡ ಅಂದರು, ಒಂದೇ ಒಂದು ಸಲ ಮಾಳಿಂಗಾ, ಒಂದು ಸಲ ಆ ಮೈದಾನದಲ್ಲಿ ಒದ್ದರೆ ಸಾಕು, ಅಮ್ಮ ಟೀವಿಯಲ್ಲಿ ನೋಡಬೇಕು. ಪ್ರತಿ ಒದೆತಕ್ಕೆ ಮುಂಚೆ ಹಣೆ, ಎದೆ, ಎರಡೂ ಭುಜ ಮುಟ್ಟಿಕೊಳ್ಳುತ್ತಿದ್ದ, ಮೊದಮೊದಲು ಸೊಳ್ಳೆ ಕಾಟ ಅಂದುಕೊಂಡಿದ್ದೆ, ಆಮೇಲೆ ತಿಳಿಯಿತು, ಅದು ಅವನ ದೇವರಿಗೆ. ಇಡೀ ಮೈಯ ಬಲ ಹಾಕಿ ಓಡಿಬರುತ್ತಿದ್ದ, ನನ್ನ ಬೆರಳೊಂದನ್ನೇ ನಂಬಿ, ನನ್ನನ್ನು ಅಷ್ಟು ನಂಬಿದವರು ಅದಕ್ಕೆ ಮೊದಲು ಯಾರೂ ಇರಲಿಲ್ಲ, ಆಮೇಲೂ ಇಲ್ಲ, ಆ ಒಂದೂಕಾಲು ಸೆಕೆಂಡಿಗಾಗಿ ಈಗಲೂ ಜೀವ ಎಳೆಯುತ್ತದೆ, ಗ್ರೀಸ್ ಹಚ್ಚಿದ ಈ ಬೆರಳು ನೋಡಿಕೊಂಡು ಅಳು ಬಂದದ್ದೂ ಉಂಟು.

ಕೊನೆಯ ಪಂದ್ಯಕ್ಕೆ ಅಮೆರಿಕದಿಂದ ಆಟಗಾರರನ್ನು ಆರಿಸುವವನೊಬ್ಬ ಬಂದಿದ್ದ, ಎಫ್ರಾಯಿನ್‌ನನ್ನೇ ನೋಡಲು, ಕಂಬಕ್ಕೆ ಐವತ್ತೆರಡು ಗಜ, ಚೆಂಡು ನಡುವೆ ಹಾದರೆ ಮತ್ತೆ ದೊಡ್ಡ ಲೀಗಿನ ಬಾಗಿಲು, ಸಲಾವುದ್ದೀನ ಒಗೆದ ಚೆಂಡು ತುಸು ತಗ್ಗಿನಲ್ಲಿ ಬಂತು, ನನ್ನ ಬೂಟಿಗೆ ತಾಗಿತು, ಆದರೂ ಹಿಡಿದೆ, ನಿಲ್ಲಿಸಿದೆ, ಸಮಯ ಇತ್ತು, ದೇವರಾಣೆ ಸಮಯ ಇತ್ತು — ಕಾಲಿಗೆ ತಾಗಿತು, ಮುಟ್ಟಿ ಕಣ್ಣಿಗೊತ್ತಿಕೊ, ಪುಸ್ತಕ ತಾಗಲಿ, ಮೊರ ತಾಗಲಿ, ಜೋಳದ ಕಾಳು ತಾಗಲಿ, ತುಳದೀ ಏನಲೇ, ಮುಟ್ಟಿ ಕಣ್ಣೀಗ್ ಹಚ್ಕೋ, ಅವ್ವ ಬೆನ್ನಿಗೆ ಗುದ್ದಿ ಕಲಿಸಿದ್ದು, ಕೈಗೆ ಯಾರೂ ಹೇಳಬೇಕಾಗಿರಲಿಲ್ಲ, ಬೆರಳು ಚೆಂಡು ಬಿಟ್ಟು ಕಣ್ಣಿಗೆ ಬಂದಿತ್ತು, ಒದೆಸಿಕೊಳ್ಳಲೆಂದೇ ಹುಟ್ಟಿದ ಚೆಂಡಿಗೆ ನಾನು ಕೈ ಮುಗಿಯುತ್ತಿದ್ದೆ, ಬುದ್ಧಿಗೇಡಿ, ಚೆಂಡು ವಾಲಿತು, ಅವನ ಕಾಲು ಅಂಚಿಗೆ ಬಿತ್ತು, ಕಂಬದ ಹತ್ತಿರಕ್ಕೂ ಹೋಗಲಿಲ್ಲ. ಕೋಚು ಸಲಾವುದ್ದೀನನಿಗೆ ಬೈದ, ತಗ್ಗಿನಲ್ಲಿ ಒಗೆದೆ ಅಂತ, ಊರಿಗೆ ಬರುವ ಬಸ್ಸಿನಲ್ಲಿ ಸಲಾವುದ್ದೀನ ಜೇವರ್ಗಿ ಬರುವವರೆಗೂ, ನಾ ಅಷ್ಟು ಕೆಳಗ ಒಗದಿದ್ದೇನೇನೋ ಯಾರ್, ಖರೇ ಹೇಳ್, ಅಂತ ಕೇಳಿದ, ನಾನು ಕಿಟಕಿಯಾಚೆ ತೊಗರಿ ಹೊಲ ನೋಡುತ್ತಾ ಕೂತೆ. ಅಮೆರಿಕದವನು ಅವತ್ತೇ ವಿಮಾನ ಹತ್ತಿದ, ಎಫ್ರಾಯಿನ್ ಮಾರನೇ ವಾರ.

ಎದ್ದ, ಎದ್ದ, ಎಫ್ರಾಯಿನ್ ಮೈದಾನಕ್ಕೆ ಇಳಿದ, ಹಣೆ, ಎದೆ, ಭುಜ, ಭುಜ, ಚೆಂಡಿನ ಮೇಲೆ ಬೇರೊಬ್ಬನ ಬೆರಳು, ಹೊಟ್ಟೆಕಿಚ್ಚಾಗುತ್ತದೆ, ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಬೆರಳು ನನ್ನದಾಗಿರಬೇಕಿತ್ತು — ಓಡಿದ, ಒದ್ದ, ಹೋಯಿತು, ನಟ್ಟನಡುವೆ, ಹೋ ಅಂತ ಕೂಗಿಬಿಟ್ಟೆ, ಕೊಕ್ಕರೆ ಹಾರಿತು, ಎಲ್ಲರೂ ಅವನನ್ನು ಎತ್ತಿಕೊಂಡು ಕುಣಿಯುತ್ತಿದ್ದಾರೆ, ಮುಗಿಯಿತು, ಇನ್ನು ಅವನೂ ನನ್ನಂತೆ. ಅರ್ಧ ಗಂಟೆ, ಮುಕ್ಕಾಲು ಗಂಟೆ, ಬಿಸಿಲು ಕಟ್ಟೆಗೆ ಬಂತು, ಈಗ ಫೋನು ನಡುಗುತ್ತಿದೆ, ಅವನೇ, ಬೆವರು ಆರದ ಮುಖ ಪರದೆಯ ತುಂಬ, ಊಟ ಆತೇನ್ರೀ ಮಾಳಿಂಗಾ, ನಾನೇ ಕಲಿಸಿದ ಕನ್ನಡ, ಕಣ್ಣು ತುಂಬಿತು, ಅಣ್ಣಾ, ನಿನಗೊಂದು ಮಾತು ಅಂದೆ, ತಡಿ ತಡಿ, ಮೊದಲು ನನ್ನದು, ಅಂದ ತನ್ನ ಮುರುಕು ಇಂಗ್ಲಿಷಿನಲ್ಲಿ, ಈಗ ಇಲ್ಲಿ ಎಲ್ಲರಿಗೂ ನಿನ್ನ ಕಥೆ ಹೇಳಿದೆ, ಹೈದರಾಬಾದಿನ ಕೊನೆಯ ಒದೆತ, ಓಡಿಬರುವಾಗಲೇ ನೋಡಿದೆ, ನೀನು ಚೆಂಡು ಮುಟ್ಟಿ ಕೈ ಕಣ್ಣಿಗೆ ಒತ್ತಿಕೊಂಡೆ, ನನಗಾಗಿ ಬೇಡಿಕೊಂಡೆ, ಒಬ್ಬ ಮನುಷ್ಯ ತನ್ನ ಕೆಲಸ ಮರೆತು ನನಗಾಗಿ ದೇವರನ್ನು ಕೇಳಿದ, ಆದರೂ ಹೋಗಲಿಲ್ಲ ಅಂದರೆ ಅದು ನನ್ನ ಪಾಲಿನದಲ್ಲ ಅಂತ ತಿಳಿಯಿತು, ಅವತ್ತೇ ಅಮೆರಿಕದ ಆಸೆ ಬಿಟ್ಟೆ, ಅಮ್ಮನ ಹತ್ತಿರ ಬಂದೆ, ಏಳು ವರ್ಷ ಸುಖವಾಗಿ ನಿದ್ದೆ ಮಾಡಿದೆ, ಒಂದೇ ಕೇಳಬೇಕಿತ್ತು, ಅವತ್ತು ಏನಂತ ಬೇಡಿಕೊಂಡೆ — ಏನಂತ, ಏನಂತ ಬೇಡಿಕೊಂಡೆ, ಬೂಟಿಗೆ ತಾಗಿತು ಅಂತ, ಅವ್ವ ಹಚ್ಚಿದ ಚಟ ಅಂತ, ಅಷ್ಟೇ ಅಂತ ಹೇಳಲೇ, ನಿನಗಾಗಿ ಅಂದರೆ ಸುಳ್ಳು, ಚೆಂಡಿಗಾಗಿ ಅಂದರೆ ಅವನ ಏಳು ವರ್ಷದ ನಿದ್ದೆ ಹಾಳು, ಅವನು ನಗುತ್ತಾ ಕಾಯುತ್ತಿದ್ದಾನೆ, ಹಲೋ, ಮಾಳಿಂಗಾ, ಕೇಳಾಕತ್ತದೇನ್ರೀ, ಕೇಳುತ್ತಿದೆ, ಕೇಳುತ್ತಿದೆ, ಹಸಿರು ನೆಲದ ಮೇಲೆ ಅವನು ಓಡಿಬರುತ್ತಿದ್ದಾನೆ, ಚೆಂಡು ನಿಂತಿದೆ, ನೆತ್ತಿಯ ಮೇಲೆ ಬೆರಳಿಲ್ಲ, ಚೆಂಡು ವಾಲುತ್ತಿದೆ