ಸೇದಿದ್ದಲ್ಲ, ಏರಿಸಿದ್ದು

ನಮ್ಮ ಯಜಮಾನರು ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸದವರು. ನಲವತ್ತು ವರ್ಷ ಸೇದಿದ ಸಿಗರೇಟನ್ನು ಕಾಲಿನ ಆಪರೇಷನ್ನಿಗಾಗಿ ದೇವರ ಮೇಲೆ ಆಣೆ ಇಟ್ಟು ಬಿಟ್ಟರು. "ನಿಕೋಟಿನ್ ರಕ್ತದಿಂದ ಮೂರು ದಿನದಲ್ಲಿ ಹೋಗುತ್ತೆ, ಮೂತ್ರದಲ್ಲಿ ಅದರ ಗುರುತು ಎರಡು ಮೂರು ವಾರ ಉಳಿಯಬಹುದು. ಒಂದು ತಿಂಗಳು ಸೇದದೆ ಇದ್ದು ಬನ್ನಿ," ಎಂದಿದ್ದರು ಡಾಕ್ಟರು.

ತಿಂಗಳಾದ ಮೇಲೆ ಪರೀಕ್ಷೆ ಮಾಡಿದರೆ ಆ ಗುರುತು ಹಾಗೇ ಇತ್ತು. ದೇವರಿಗೇ ಸುಳ್ಳು ಹೇಳಿದರಲ್ಲ ಎಂದು ನನ್ನ ಎದೆ ಒಡೆಯಿತು. ಡಾಕ್ಟರ ಕೋಣೆಯಲ್ಲೇ ಕೇಳಿಬಿಟ್ಟೆ: "ಕದ್ದು ಸೇದಿದ್ರಾ?"

"ಇಲ್ಲ ಕಣೇ, ನಿನ್ನಾಣೆ!" ಎಂದವರೇ ಬೇಸರದಲ್ಲಿ ಜೇಬಿನಿಂದ ಡಬ್ಬಿ ತೆಗೆದು ಒಂದು ಚಿಟಿಕೆ ನಶ್ಯ ಮೂಗಿಗೆ ಏರಿಸಿದರು.

ಡಾಕ್ಟರು ಹಣೆ ಚಚ್ಚಿಕೊಂಡರು. "ಯಜಮಾನ್ರೇ, ಅದೂ ಹೊಗೆಸೊಪ್ಪೇ ಅಲ್ವಾ?"

"ಸೇದಬೇಡಿ ಅಂದ್ರಿ, ಸೇದಲಿಲ್ಲ. ಏರಿಸಬೇಡಿ ಅಂತ ಯಾವಾಗ ಅಂದ್ರಿ ಸ್ವಾಮಿ?"

ನಶ್ಯವನ್ನೂ ಬಿಟ್ಟ ಮೇಲೆ ಆಪರೇಷನ್ ಆಯಿತು. ಹತ್ತು ವರ್ಷ ಚೆನ್ನಾಗಿ ಓಡಾಡಿಕೊಂಡಿದ್ದು, ಹೋದ ವರ್ಷ ದೇವರ ಪಾದ ಸೇರಿದರು. ಅವರ ಮೇಲೆ ಅನುಮಾನಪಟ್ಟ ಆ ಗಳಿಗೆಗಾಗಿ ಇಂದಿಗೂ ಪ್ರಾರ್ಥನೆಯಲ್ಲಿ ಕ್ಷಮೆ ಕೇಳುತ್ತೇನೆ. ಕೇಳುತ್ತ ಕೇಳುತ್ತ ನಗು ಬಂದುಬಿಡುತ್ತದೆ. ದೇವರು ಅದನ್ನೂ ಕ್ಷಮಿಸಲಿ.